ಗುಲಾಬಿ ಗಾಲಿಯ ಇಂಜಿನ್ನು

ಜೂನ್ ೩, ಸೋಮವಾರ

ಗಂಟಲಿನ ಡಾಕ್ಟರು ತೀರ್ಪು ಕೊಟ್ಟಿದ್ದಾರೆ. ಮೂರು ವಾರ ಮಾತು ಬಂದ್. ಮೇಲ್ಮನವಿಗೆ ಅವಕಾಶವಿಲ್ಲ.

"ಪಿಸುಗುಡೋದೂ ಬೇಡ ಮೇಡಂ. ಗಂಟಲಿಗೆ ಅದೇ ಹೆಚ್ಚು ಶ್ರಮ" ಎಂದರು. ಸ್ವರತಂತುವಿನ ಮೇಲೆ ಬೆಳೆದು ಕೂತಿದ್ದ ಗಂಟನ್ನು ಕತ್ತರಿಸಿ ಪರೀಕ್ಷೆಗೆ ಕಳಿಸಿದ್ದಾರೆ. "ಹೆಚ್ಚಾಗಿ ಏನೂ ಇರಲ್ಲ" ಎಂದೂ ಸೇರಿಸಿದರು. ಕಟಕಟೆಯಲ್ಲಿ ನಿಂತು "ಹೆಚ್ಚಾಗಿ" ಅನ್ನುವ ಸಾಕ್ಷಿಗೆ ನಾನು ಯಾವ ಗತಿ ಕಾಣಿಸುತ್ತೇನೆಂದು ಈ ಮನುಷ್ಯನಿಗೆ ಗೊತ್ತಿಲ್ಲ. ಹೆಚ್ಚಾಗಿ ಅಂದರೆ ಎಷ್ಟು? ಕಮ್ಮಿಯಾಗಿ ಏನಿರುತ್ತೆ? ಕೇಳಲು ಬಾಯಿಲ್ಲ.

ಮನೆಯಲ್ಲಿ ಎಲ್ಲರೂ ಬಹಳ ದುಃಖದಲ್ಲಿದ್ದಾರೆ. ನನ್ನ ಗಂಡ ದಂತವೈದ್ಯರು ಮುಖ ಸಪ್ಪಗೆ ಮಾಡಿಕೊಂಡು ಬಚ್ಚಲಿಗೆ ಹೋಗಿ ಒಳಗೆ ಸಿಳ್ಳೆ ಹಾಕಿದರು. ದಿನವಿಡೀ ಬಾಯಿ ತೆರೆದಿಟ್ಟು ಮಾತಾಡಲಾಗದವರ ಜೊತೆ ಕೆಲಸ, ಸಂಜೆಗೆ ಬಾಯಿ ಮುಚ್ಚಿ ಮಾತಾಡಲಾಗದವಳ ಜೊತೆ ಸಂಸಾರ. ಪುಣ್ಯವಂತರು. ಬರುವಾಗ ನನಗೊಂದು ಸ್ಲೇಟು, ಬಳಪ ತಂದುಕೊಟ್ಟರು.

ಮಾವನವರಿಗೆ ಸುದ್ದಿಯನ್ನು ಮಗನೇ ಕೂಗಿ ಹೇಳಬೇಕಾಯಿತು. ಅವರು ನಿವೃತ್ತ ಭೂಗೋಳದ ಮೇಷ್ಟ್ರು, ಕಿವಿ ಮಂದ. ಶ್ರವಣಯಂತ್ರವೊಂದಿದೆ, ಅದು ಅಂಗಿಯ ಜೇಬಿನಲ್ಲಿ ಆರೋಗ್ಯವಾಗಿದೆ. "ಬ್ಯಾಟರಿ ಉಳೀಲಿ ಅಂತ" ಎನ್ನುತ್ತಾರೆ. ನೌಕರಿ ಪೂರ್ತಿ ಅವರ ಮುಂದೆ ಮಕ್ಕಳು ಕೈಕಟ್ಟಿ ತುಟಿ ಹೊಲಿದುಕೊಂಡು ಕೂತಿದ್ದವು. ಆಮೇಲೆ ಸೊಸೆಯಾಗಿ ನಾನು ಬಂದೆ. ಪಾಪ.

ತಿಂಗಳ ಕೊನೆಗೆ ಅವರು ಮಗಳ ಮನೆಗೆ, ಅಂದರೆ ನನ್ನ ನಾದಿನಿಯ ಮನೆಗೆ, ಖಾಯಂ ಆಗಿ ಹೋಗುತ್ತಾರೆ. ಅವರ ಕೋಣೆ ನನ್ನ ಕಚೇರಿಯಾಗುತ್ತದೆ. ಈಗ ನನ್ನ ಕಕ್ಷಿದಾರರು ಅಡುಗೆಮನೆಯಲ್ಲಿ ಕೂತು ಅಳುತ್ತಾರೆ, ಹಾಲು ಉಕ್ಕುವುದನ್ನು ನಾನು ನೋಡಬೇಕೋ ಅವರ ಕಣ್ಣೀರನ್ನೋ? ಕಳೆದ ತಿಂಗಳು ಮನೆಯವರ ಸಭೆಯಲ್ಲಿ ವಾದ ಮಂಡಿಸಿದ್ದೆ. ಸರ್ವಾನುಮತ. ಮಾವನೂ ತಲೆಯಾಡಿಸಿದರು.

ಜೂನ್ ೫, ಬುಧವಾರ

ದಂತವೈದ್ಯರು ಸಂಜೆ ಒಂದು ಷೂ ಡಬ್ಬಿ ಹಿಡಿದು ಬಂದರು. "ಕೈಗೆ ಏನಾದ್ರೂ ಕೆಲಸ ಕೊಡಿ ಅಂತ ಡಾಕ್ಟ್ರು ಹೇಳಿದ್ರಲ್ಲ, ತಗೋ."

ಒಳಗೆ ಆಟಿಕೆಯ ರೈಲು ಇಂಜಿನ್ನು. ಗೇಣಿಗಿಂತ ತುಸು ಉದ್ದ, ತಗಡಿನ ಮೈ, ಮೈತುಂಬ ಗೋಡೆಗೆ ಬಳಿಯುವಂಥ ಕಪ್ಪು ಬಣ್ಣ. ಗಾಲಿಗಳು ಆರು, ತಿರುಗುವುದು ಒಂದೂ ಇಲ್ಲ. ಜೊತೆಗೆ ಒಂದು ಚೀಲದಲ್ಲಿ ತುಕ್ಕು ಹಿಡಿದ ಹಳಿಯ ತುಂಡುಗಳು.

"ಹಳೇ ಸಾಮಾನಿನ ಅಂಗಡಿಯವನು ಹೇಳಿದ, ತುಂಬ ಅಪರೂಪದ್ದಂತೆ."

ಹಳೇ ಸಾಮಾನಿನ ಅಂಗಡಿಯವನು ಅಪರೂಪದ್ದಲ್ಲ ಎಂದು ಹೇಳಿ ಮಾರಿದ ಸಾಮಾನು ಭೂಮಿಯ ಮೇಲೆ ಒಂದಾದರೂ ಉಂಟೆ? ಸ್ಲೇಟಿನ ಮೇಲೆ "ಇದು ಯಾಕೆ?" ಎಂದು ಬರೆದು "ಯಾಕೆ" ಕೆಳಗೆ ಎರಡು ಗೆರೆ ಎಳೆದೆ. ಸ್ಲೇಟಿನಲ್ಲಿ ದನಿ ಏರಿಸುವುದು ಹಾಗೆ. ಅವರಿಗೆ ಅಷ್ಟರಲ್ಲಿ ಫೋನು ಬಂತು.

ಮಾವ ಬಂದು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. "ಇದು ಶೀತವಲಯದ ಇಂಜಿನ್ನು" ಎಂದು ಘೋಷಿಸಿದರು. "ಚಿಮಣಿ ಗಿಡ್ಡ ಇದೆ ನೋಡು. ಗಾಳಿ ಜೋರಾಗಿರೋ ಕಡೆ ಚಿಮಣಿ ಗಿಡ್ಡ ಮಾಡ್ತಾರೆ."

ಚಿಮಣಿ ಗಿಡ್ಡವಿರುವುದು ಅದರ ಮೇಲರ್ಧ ಮುರಿದುಹೋಗಿರುವುದರಿಂದ. ಅದನ್ನು ನಾನು ಸ್ಲೇಟಿನಲ್ಲಿ ಬರೆದು ಮುಗಿಸುವಷ್ಟರಲ್ಲಿ ಅವರು ವಿಜಯಿಯಾಗಿ ತಮ್ಮ ಕೋಣೆ ಸೇರಿದ್ದರು.

ಜೂನ್ ೬, ಗುರುವಾರ

ಬೆಳಗ್ಗೆ ಮಾವ ಶ್ರವಣಯಂತ್ರ ಧರಿಸಿ ತಿಂಡಿಗೆ ಬಂದರು. "ಫ್ರಿಜ್ಜು ಗುಂಯ್ ಅನ್ನುತ್ತಲ್ಲೋ, ಯಾವಾಗಿಂದ?" ಎಂದು ಮಗನನ್ನು ಕೇಳಿದರು. ನನ್ನ ಬಾಯಿ ಮುಚ್ಚಿದ ವಾರವೇ ಇವರ ಕಿವಿ ತೆರೆದಿದೆ. ಇದನ್ನು ಕಾಕತಾಳೀಯ ಎನ್ನುತ್ತಾರಂತೆ.

ಜೂನ್ ೯, ಭಾನುವಾರ

ಮಾಡಲು ಬೇರೆ ಕೆಲಸವಿದ್ದಿದ್ದರೆ ಮುಟ್ಟುತ್ತಲೇ ಇರಲಿಲ್ಲ. ಊಟದ ಮೇಜಿನ ಮೇಲೆ ಹಳೆಯ ದಿನಪತ್ರಿಕೆ ಹಾಸಿ ಆರೋಪಿಯನ್ನು ಮಲಗಿಸಿದೆ. ಹೆಸರಿಲ್ಲ, ಊರಿಲ್ಲ, ತಯಾರಿಸಿದವರ ಗುರುತಿಲ್ಲ. ಹೆತ್ತವರು ಯಾರೆಂದು ಹೇಳದ ಆರೋಪಿಯ ಬಾಯಿ ಬಿಡಿಸುವುದೇ ನನ್ನ ಕಸುಬು. ಈ ಸಲ ನನ್ನದೇ ಬಾಯಿಗೆ ಬೀಗ. ಒಳ್ಳೆ ಜೋಡಿ.

ದಂತವೈದ್ಯರ ಚಿಕಿತ್ಸಾಲಯದಿಂದ ಕೊಕ್ಕೆ, ಚಿಮುಟ, ಪುಟ್ಟ ಕನ್ನಡಿ ಕಡ ತಂದೆ. ಕಡ ಎಂದರೆ ಅವರನ್ನು ಕೇಳದೆ. ಉಗುರುಬಣ್ಣ ತೆಗೆಯುವ ದ್ರಾವಣದಲ್ಲಿ ಹತ್ತಿ ಅದ್ದಿ ಉಜ್ಜಿದರೆ ಕಪ್ಪಿನ ಕೆಳಗೆ ನೀಲಿ. ನೀಲಿಯ ಕೆಳಗೆ ಮಾಸಿದ ಕೆಂಪು. ಕಿಟಕಿಯ ಒಳಬದಿಯಲ್ಲಿ, ಯಾವ ಕುಂಚವೂ ತಲುಪದ ಮೂಲೆಯಲ್ಲಿ, ಅದೇ ಕೆಂಪು ಹೊಳೆಯುತ್ತಿದೆ. ಅಂದರೆ ಹುಟ್ಟಿನಿಂದ ಇದು ಕೆಂಪು.

"ಹಸಿರು" ಎಂದರು ಮಾವ ಎದುರು ಕುರ್ಚಿ ಎಳೆದುಕೊಂಡು.

"ಕೆಂಪು. ಕಣ್ಣಿಗೆ ಕಾಣ್ತಿದೆ" ಎಂದು ಬರೆದೆ.

"ಕೆಂಪು ಬರೀ ಅಡಿಬಣ್ಣ. ಅದರ ಮೇಲೆ ಹಸಿರು ಇದ್ದಿರಬೇಕು. ಉದುರಿ ಹೋಗಿದೆ."

ಇಲ್ಲದ ಸಾಕ್ಷಿಯನ್ನು "ಉದುರಿ ಹೋಗಿದೆ" ಎಂದು ಮಂಡಿಸುವ ಧೈರ್ಯ ನನ್ನ ಎದುರಾಳಿ ವಕೀಲರಲ್ಲಿ ಯಾರಿಗೂ ಇಲ್ಲ. ಬರೆಯಲು ಹೊರಟರೆ ಸ್ಲೇಟು ಸಾಲದು. ಬಿಟ್ಟೆ. ನಾನು ಸುಮ್ಮನಾದದ್ದನ್ನು ಅವರು ಒಪ್ಪಿಗೆ ಎಂದು ತಿಳಿದು ಶೀತವಲಯದ ಕಾಡುಗಳ ಬಗ್ಗೆ ಪಾಠ ಮಾಡಿದರು. ಕೋನಾಕಾರದ ಮರಗಳ ಮೇಲೆ ಹಿಮ ನಿಲ್ಲುವುದಿಲ್ಲವಂತೆ, ಜಾರಿಬೀಳುತ್ತದಂತೆ. ಇಷ್ಟು ವರ್ಷ ನನಗೆ ಯಾರೂ ಹೇಳಿರಲಿಲ್ಲ.

ಮಧ್ಯಾಹ್ನ ಎರಡು ಪತ್ತೆ. ಒಂದು: ಪಕ್ಕದಲ್ಲಿ ಬೆಸುಗೆ ಹಾಕಿ ಮುಚ್ಚಿದ ಒಂದು ತೂತು. ಕೀಲಿ ತಿರುಗಿಸುವ ಜಾಗ. ಅಂದರೆ ಇದು ಸ್ಪ್ರಿಂಗಿನಿಂದ ಓಡುತ್ತಿದ್ದ ಇಂಜಿನ್ನು, ಒಳಗಿರುವ ವಿದ್ಯುತ್ ಮೋಟರು ಆಮೇಲೆ ಬಂದು ಸೇರಿಕೊಂಡದ್ದು. ಎರಡು: ಹಿಂಭಾಗದಲ್ಲಿ ಬಣ್ಣದಡಿ ಅರೆ ಅಳಿಸಿದ ಮುದ್ರೆ, ರೆಕ್ಕೆ ಚಾಚಿದ ಹಕ್ಕಿ.

"ಹಂಸ" ಎಂದರು ಮಾವ.

ಕಾಗೆಯೂ ಇರಬಹುದು. ಬರೆಯಲಿಲ್ಲ.

ಜೂನ್ ೧೨, ಬುಧವಾರ

ದಂತವೈದ್ಯರ ರೋಗಿಯೊಬ್ಬರು ಆಟಿಕೆ ರೈಲುಗಳ ಸಂಗ್ರಾಹಕರಂತೆ. ಪಂಡಿತರು ಎಂದೇ ಕರೆಯೋಣ, ಅವರೂ ಹಾಗೇ ಅಂದುಕೊಂಡಿದ್ದಾರೆ. ಮಾವನೂ ನಾನೂ ಷೂ ಡಬ್ಬಿ ಹಿಡಿದು ಹೋದೆವು. ಮಾತಾಡಲಾಗದವಳು, ಕೇಳಿಸದವರು. ಕುಂಟನ ಹೆಗಲ ಮೇಲೆ ಕುರುಡ ಕೂತಂತೆ, ತಿರುವುಮುರುವಾಗಿ.

ಗೋಡೆ ತುಂಬ ಗಾಜಿನ ಕಪಾಟು, ಪ್ರತಿ ಕಪಾಟಿಗೂ "ಮುಟ್ಟಬೇಡಿ" ಚೀಟಿ. ಅಷ್ಟು ಇಂಜಿನ್ನುಗಳಿವೆ, ಒಂದೂ ಓಡಿದ ಹಾಗಿಲ್ಲ. ಪಂಡಿತರು ನಮ್ಮದನ್ನು ಎರಡು ಬೆರಳಲ್ಲಿ ಎತ್ತಿ, ಸತ್ತ ಹಲ್ಲಿಯನ್ನು ನೋಡುವಂತೆ ನೋಡಿ, ತಲೆ ಎತ್ತದೆ ಗಡ್ಡದೊಳಗೇ ಗೊಣಗಿದರು:

"ಹಕ್ಕಿ ಮುದ್ರೆ ಕಾರ್ಖಾನೆದು. ಎಂದೋ ಮುಚ್ಚಿಹೋಯ್ತು. ಲಕ್ಷಗಟ್ಟಲೆ ಮಾಡಿದ್ರು, ಚಿಲ್ಲರೆ ಆಟಿಕೆ. ಮೋಟರು ಇನ್ಯಾವುದ್ರದೋ. ಅಡಿಪಟ್ಟಿ ಯಾರೋ ಮನೇಲಿ ಕತ್ತರಿಸಿದ್ದು. ಶುದ್ಧ ಕಲಬೆರಕೆ ಮೇಡಂ. ಬಾಗಿಲು ಬಡ್ಕೊಳ್ಳದ ಹಾಗೆ ಅಡ್ಡ ಇಟ್ಕೊಳ್ಳಿ."

"ಹೌದು ಹೌದು, ಸರಿಯಾಗಿ ಹೇಳಿದ್ರಿ" ಎಂದರು ಮಾವ, ಮುಖ ಅರಳಿಸಿ, ತಲೆಯಾಡಿಸಿ. ಯಂತ್ರ ಕಿವಿಯಲ್ಲೇ ಇತ್ತು. ಆದರೂ ಒಂದಕ್ಷರ ಕೇಳಿಸಿರಲಿಲ್ಲ. ಕೇಳಿಸದಿದ್ದಾಗ ಅವರು ಹೀಗೆ ತಲೆಯಾಡಿಸುತ್ತಾರೆಂದು ಇವತ್ತು ಗೊತ್ತಾಯಿತು. ಕಳೆದ ತಿಂಗಳ ಸಭೆಯಲ್ಲೂ ಹೀಗೇ ಆಡಿಸಿದ್ದರು. ಇರಲಿ.

ಪಂಡಿತರು ನಕ್ಕರು. ಆ ನಗೆಗೆ ನನ್ನ ಹತ್ತಿರ ಮೂರು ಉತ್ತರಗಳಿದ್ದವು, ಮೂರೂ ನಾಲಿಗೆಯ ತುದಿಗೆ ಬಂದು ಕೂತಿದ್ದವು. ನುಂಗಿದೆ. ಗಂಟಲು ಉರಿಯಿತು.

ಬೀದಿಗೆ ಬಂದ ಮೇಲೆ ಮಾವ ಮೆಲ್ಲಗೆ ಕೇಳಿದರು: "ಏನಂದ ಅವನು? ಟ್ರಾಫಿಕ್ ಸದ್ದಲ್ಲಿ ಸರಿಯಾಗಿ..." ನಾವು ಕೂತಿದ್ದದ್ದು ಕಿಟಕಿ ಮುಚ್ಚಿದ ಕೋಣೆಯಲ್ಲಿ.

ಸ್ಲೇಟು ತೆಗೆದು ದೊಡ್ಡಕ್ಷರದಲ್ಲಿ ಬರೆದೆ: "ಇಂಥದ್ದು ಇನ್ನೊಂದು ಇಲ್ಲವಂತೆ."

ಇದು ಸುಳ್ಳಲ್ಲ. ಸಾರಾಂಶ.

ಜೂನ್ ೧೪, ಶುಕ್ರವಾರ

ಮೋಟರಿನ ತಂತಿ ಮುಟ್ಟಿದರೆ ಪುಡಿ. ಪರೀಕ್ಷೆಯ ವರದಿ ಬಂದಿಲ್ಲ. ನನ್ನ ಜೂನಿಯರ್ ನನ್ನ ಮೊಕದ್ದಮೆಯೊಂದನ್ನು ಗೆದ್ದಳಂತೆ, ಪಾಟೀಸವಾಲಿನಲ್ಲಿ ಒಂದೇ ಪ್ರಶ್ನೆ ಕೇಳಿ ಕೂತಳಂತೆ. ಸಾಕ್ಷಿ ತಾನೇ ಎಲ್ಲ ಹೇಳಿದನಂತೆ. ಅಭಿನಂದನೆ.

ಜೂನ್ ೧೬, ಭಾನುವಾರ

ಮಾವ ಟಾರ್ಚು ಹಿಡಿಯುತ್ತಾರೆ, ನಾನು ಕೆಲಸ ಮಾಡುತ್ತೇನೆ. ಅವರ ಕೈ ನಡುಗುತ್ತದೆ, ಆದ್ದರಿಂದ ಬೆಳಕೂ ನಡುಗುತ್ತದೆ. ಎರಡು ದಿನ ಸಹಿಸಿದೆ. ಇವತ್ತು ಅವರ ಮೊಣಕೈ ಕೆಳಗೆ ದಪ್ಪದೊಂದು ಕಾನೂನು ಪುಸ್ತಕ ಇಟ್ಟೆ. ಆಸ್ತಿ ವಿಭಜನೆಯ ಕಾಯಿದೆ ಕೊನೆಗೂ ಮನೆಯವರನ್ನು ಒಂದು ಮೇಜಿಗೆ ತಂದಿತು.

ಹಳೆಯ ತಂತಿ ಕಿತ್ತು ಹೊಸದು ಎಳೆದೆ. ಮೋಟರಿನ ತಾಮ್ರದ ಬಳೆಯ ಮೇಲೆ ಮಸಿ ಕೂತಿತ್ತು, ಪೆನ್ಸಿಲ್ ರಬ್ಬರಿನಿಂದ ಉಜ್ಜಿದೆ. ಸೋತುಹೋಗಿದ್ದ ಸ್ಪ್ರಿಂಗಿನ ಬದಲು ಬಾಲ್ ಪೆನ್ನಿನ ಸ್ಪ್ರಿಂಗು ಕತ್ತರಿಸಿ ಹಾಕಿದೆ. ಮೈ ಬಿಚ್ಚಿದಾಗ ಮಾವ ಒಳಗಿನ ಅಂಚನ್ನು ಹೆಬ್ಬೆರಳಿನಿಂದ ಸವರಿದರು.

"ಇಲ್ಲಿ ಮುಟ್ಟಿ ನೋಡು."

ಮುಟ್ಟಿದೆ. ಕತ್ತರಿಸಿದ ತಗಡಿನ ಅಂಚು ಎಲ್ಲಿಯೂ ಕೊಯ್ಯುವುದಿಲ್ಲ. ಯಾರಿಗೂ ಕಾಣದ ಒಳಬದಿಯನ್ನೂ ಯಾರೋ ಅರ ಹಿಡಿದು ಉಜ್ಜಿ ನುಣುಪು ಮಾಡಿದ್ದಾರೆ.

"ಯಾವುದೋ ಮಗು ಬಿಚ್ಚಿ ನೋಡುತ್ತೆ ಅಂತ ಗೊತ್ತಿದ್ದವನು" ಎಂದರು. "ಸ್ಪ್ರಿಂಗ್ ಮುರಿದಿರುತ್ತೆ. ಮಗು ಅತ್ತಿರುತ್ತೆ. ಇವನು ಕೂತು ಮೋಟರು ಹಾಕಿಕೊಟ್ಟಿದಾನೆ."

ಊಹಾಪೋಹ, ಸಾಕ್ಷ್ಯವಲ್ಲ. ಆದರೆ ಆಕ್ಷೇಪಣೆ ಎತ್ತುವ ಹಾಗೂ ಇರಲಿಲ್ಲ.

ಆಮೇಲೆ ತಂತಾವೇ ಹೇಳತೊಡಗಿದರು, ಟಾರ್ಚಿನ ಕಡೆ ನೋಡುತ್ತ. "ಈ ಮಿಷನ್ ಹಾಕ್ಕೊಂಡ್ರೆ ಎಲ್ಲಾ ಒಟ್ಟಿಗೆ ಬರುತ್ತೆ ಕಣಮ್ಮ. ತಟ್ಟೆ, ನಲ್ಲಿ, ಮಾತು, ಎಲ್ಲ ಒಂದೇ ಗದ್ದಲ. ಒಬ್ಬೊಬ್ರೇ ನಿಧಾನಕ್ಕೆ ಮಾತಾಡಿದ್ರೆ ಹಿಡಿಯುತ್ತೆ. ನೀನು ಕೇಳೋದು ಹೇಗಿರುತ್ತೆ ಅಂದ್ರೆ... ಮೊದಲ್ನೇ ಪ್ರಶ್ನೆ ಏನು ಅಂತ ನಾನು ಜೋಡಿಸ್ಕೊಳ್ಳೋ ಹೊತ್ತಿಗೆ ನಾಲ್ಕನೇದು ಬಂದಿರುತ್ತೆ. ಅದಕ್ಕೇ ತೆಗೆದಿಟ್ಬಿಡ್ತೀನಿ. ಕಿವುಡ ಅನ್ನಿಸ್ಕೊಂಡ್ರೂ ಪರವಾಗಿಲ್ಲ, ದಡ್ಡ ಅನ್ನಿಸ್ಕೋಬಾರ್ದು ನೋಡು."

ನನಗೆ ಕೋಪ ಬಂತು. ಇಷ್ಟು ವರ್ಷ ಬ್ಯಾಟರಿಯ ಮೇಲೆ ಹಾಕಿದ್ದ ತಪ್ಪೆಲ್ಲ ಈಗ ನನ್ನ ಮೇಲೆ ಬಂತಲ್ಲ. ಸ್ಲೇಟು ಎಳೆದುಕೊಂಡು "ನಾನು ಹಾಗೆ" ಎಂದು ಶುರುಮಾಡಿದೆ. ಒರೆಸಿ "ಟಾರ್ಚು ಎಡಕ್ಕೆ" ಎಂದು ಬರೆದೆ.

ಸಂಜೆ ಮೋಟರು ತಿರುಗಿತು. ಬೆಕ್ಕು ಗುರುಗುಟ್ಟಿದ ಹಾಗೆ ಸದ್ದು, ಸುಟ್ಟ ಧೂಳಿನ ವಾಸನೆ. ಮಾವ ಚಪ್ಪಾಳೆ ತಟ್ಟಿದರು. ನಾನು ನಗಲಿಲ್ಲ. ನಗುವುದೂ ನಿಷಿದ್ಧ, ಗಂಟಲಿಗೆ ಒಳ್ಳೆಯದಲ್ಲ.

ಜೂನ್ ೧೯, ಬುಧವಾರ

ಒಂದು ಗಾಲಿ ಒಳಗಿನಿಂದಲೇ ಬಿರುಕು ಬಿಟ್ಟು ಬಿಸ್ಕತ್ತಿನಂತೆ ಪುಡಿಯಾಯಿತು. ಹಳೆಯ ಎರಕದ ಲೋಹಕ್ಕೆ ಬರುವ ಕಾಯಿಲೆಯಂತೆ, ಮದ್ದಿಲ್ಲ. ಬದಲಿ ಗಾಲಿಗಾಗಿ ಪಂಡಿತರ ಮನೆಗೆ ಮತ್ತೆ ಹೋಗುವುದಕ್ಕಿಂತ ಇಂಜಿನ್ನನ್ನು ಬಾಗಿಲಿಗೆ ಅಡ್ಡ ಇಡುವುದೇ ಲೇಸು.

ಪುಡಿಯಾದ ಗಾಲಿಯನ್ನು ನೋಡಿ ದಂತವೈದ್ಯರ ಕಣ್ಣು ಹೊಳೆಯಿತು. ಮದುವೆಯಾದಾಗಿನಿಂದ ನನ್ನ ಯಾವ ಸಮಸ್ಯೆಗೂ ಅವರ ಕಣ್ಣು ಹಾಗೆ ಹೊಳೆದದ್ದಿಲ್ಲ. "ಅಚ್ಚು ತೆಗೆದ್ರೆ ಆಯ್ತು. ಇದು ದವಡೆಹಲ್ಲಿಗಿಂತ ಸುಲಭ." ಸರಿಯಿದ್ದ ಗಾಲಿಯೊಂದರ ಅಚ್ಚನ್ನು ರೋಗಿಗಳ ಬಾಯಿಗಿಡುವ ಅದೇ ಮೇಣದಂಥದ್ದರಲ್ಲಿ ತೆಗೆದುಕೊಂಡು ಹೋದರು. ಸಂಜೆ ತಂದರು. ತದ್ರೂಪು. ಬಣ್ಣ ಮಾತ್ರ ಕಟ್ಟಿಸಿದ ಹಲ್ಲಿನ ವಸಡಿನದು, ಎಳೆಯ ಗುಲಾಬಿ.

"ಬೇರೆ ಬಣ್ಣದ ಪುಡಿ ಇರ್ಲಿಲ್ಲ" ಎಂದರು.

"ಕಪ್ಪು ಬಳಿಯೋಣ" ಎಂದು ಬರೆದೆ.

"ಬೇಡ" ಎಂದರು ಮಾವ. "ನನ್ನ ಹಲ್ಲಿನ ಸೆಟ್ಟಿಗೂ ಅದಕ್ಕೂ ಒಂದೇ ಕುಲ. ಹಾಗೇ ಇರ್ಲಿ." ಬಾಯಿ ತೆರೆದು ತೋರಿಸಿ ರುಜುವಾತನ್ನೂ ಒದಗಿಸಿದರು.

ದಂತವೈದ್ಯರು ಅಪ್ಪನ ಪಕ್ಕ ಕುರ್ಚಿ ಹಾಕಿ ಕೂತು ಗಾಲಿ ಕೂರಿಸಿದರು. ಫೋನು ಎರಡು ಸಲ ಬಂತು, ಎತ್ತಲಿಲ್ಲ.

ಜೂನ್ ೨೧, ಶುಕ್ರವಾರ

ವರದಿ ಬಂತು. ಏನೂ ಇಲ್ಲ. ಡಾಕ್ಟರು ನಗುತ್ತ ಹೇಳಿದರು, ನಾನೂ ಬೇಡವೆಂದರೂ ಸ್ವಲ್ಪ ಅತ್ತೆ, ಕಣ್ಣಿನಿಂದ ಮಾತ್ರ, ಸದ್ದಿಲ್ಲದೆ, ನಿಯಮದ ಪ್ರಕಾರ.

"ಪಾಟೀಸವಾಲು ಮಾಡಬಹುದಾ?" ಎಂದು ಬರೆದು ತೋರಿಸಿದೆ.

"ಸೋಮವಾರದಿಂದ ಮಾತಾಡಿ. ದಿನಕ್ಕೆ ನಾಲ್ಕೈದು ವಾಕ್ಯ. ಧ್ವನಿ ಮೊದಲಿನ ಹಾಗೆ ಇರದೇ ಇರಬಹುದು. ನಿಧಾನವಾಗಿ, ನಡುವೆ ನಿಲ್ಲಿಸಿ ನಿಲ್ಲಿಸಿ." ನಾಲ್ಕೈದು ವಾಕ್ಯ! ನಾನು ಬಾಗಿಲು ತೆಗೆದು "ಯಾರು?" ಎನ್ನುವುದಕ್ಕೇ ಅಷ್ಟು ಬೇಕು.

ದಾರಿಯಲ್ಲಿ ಬಣ್ಣದಂಗಡಿಗೆ ಹೋದೆ. ಮೂಲ ಬಣ್ಣ ಕೆಂಪು ಎಂಬುದು ಸಾಬೀತಾಗಿದೆ, ನ್ಯಾಯವಾಗಿ ಕೆಂಪೇ ಬಳಿಯಬೇಕು. ಹಸಿರಿನ ಡಬ್ಬಿ ಕೈಗೆ ಹತ್ತಿರವಿತ್ತು. ಅದನ್ನೇ ತಂದೆ.

"ನೋಡಿದ್ಯಾ? ನಾನು ಹೇಳ್ಲಿಲ್ವಾ ಹಸಿರು ಅಂತ!" ಎಂದರು ಮಾವ. ಇನ್ನು ಇದನ್ನೇ ಸಾಯುವವರೆಗೆ ಹೇಳುತ್ತಾರೆ. ತಪ್ಪು ನನ್ನದೇ, ಡಬ್ಬಿ ನೋಡಿ ತೆಗೆದುಕೊಳ್ಳಬೇಕಿತ್ತು.

ಜೂನ್ ೨೩, ಭಾನುವಾರ

ಹಳಿಯ ತುಂಡುಗಳ ತುಕ್ಕು ಉಜ್ಜಿ ನಡುಮನೆಯಲ್ಲಿ ಸುತ್ತು ಜೋಡಿಸಿದೆವು, ಸೋಫಾದ ಕೆಳಗಿನಿಂದ ಹೊರಟು ಮೇಜಿನ ಕಾಲು ಬಳಸಿ ಬರುವಂತೆ. ದಂತವೈದ್ಯರು ವಿದ್ಯುತ್ ಜೋಡಿಸಿದರು. ಇಂಜಿನ್ನು ಒಮ್ಮೆ ಮಿಡುಕಿತು, ನಿಂತಿತು, ಯಾರೋ ಹಿಂದಿನಿಂದ ಗದರಿದಂತೆ ತಟ್ಟನೆ ಹೊರಟಿತು. ಗುಲಾಬಿ ಗಾಲಿ ಒಂದಿಷ್ಟು ಕುಂಟುತ್ತದೆ. ಟಕ್, ಟಕ್, ಟಕ್. ಮಾವ ನೆಲದ ಮೇಲೆ ಮಗ್ಗುಲಾಗಿ ಮಲಗಿ, ಕಿವಿಯನ್ನು ಹಳಿಗೆ ಹತ್ತಿರ ಹಿಡಿದು, "ಕೇಳಿಸ್ತಿದೆ ಕಣೋ" ಎಂದರು. ಈ ವಯಸ್ಸಿನಲ್ಲಿ ಅವರನ್ನು ಮತ್ತೆ ಎಬ್ಬಿಸಿ ನಿಲ್ಲಿಸುವವರು ಯಾರು? ನಾವೇ.

ಅಷ್ಟರಲ್ಲಿ ನಾದಿನಿ ಬಂದಳು. ತಿಂಗಳ ಕೊನೆಗೆ ಬರಬೇಕಾದವಳು, ಕಾರು ಇವತ್ತು ಬಿಡುವಾಯಿತೆಂದು ಬಂದಿದ್ದಾಳೆ. ಚಪ್ಪಲಿ ಬಿಡುವುದಕ್ಕೂ ಮೊದಲೇ ಶುರು:

"ಅಪ್ಪಾ ರೆಡಿನಾ? ಕೋಣೆ ಎಲ್ಲ ಮಾಡಿಸಿದೀನಿ, ಮೂರನೇ ಮಹಡಿ, ಲಿಫ್ಟ್ ಇದೆ ಆದ್ರೆ ಈ ತಿಂಗಳು ಕೆಟ್ಟಿದೆ, ನಾವಿಬ್ರೂ ಎಂಟಕ್ಕೆ ಆಫೀಸಿಗೆ ಹೋದ್ರೆ ಬರೋದು ಏಳಕ್ಕೆ, ಊಟ ಮುಚ್ಚಿಟ್ಟಿರ್ತೀನಿ, ಹಳೇ ಪುಸ್ತಕ ಗಿಸ್ತಕ ಎಲ್ಲ ಬೇಡ, ಜಾಗ ಇಲ್ಲ, ಸರಿ ತಾನೇ?"

ಅವಳು ಕೆಟ್ಟವಳಲ್ಲ. ಅವಸರದವಳು. ನನ್ನ ಪಾಠಶಾಲೆಯವಳೇ.

ಮಾವ ಮುಖ ಅರಳಿಸಿದರು. "ಹೌದು ಹೌದು" ಎಂದು ತಲೆಯಾಡಿಸಿದರು.

ದಂತವೈದ್ಯರು ಅಪ್ಪನ ಪೆಟ್ಟಿಗೆ ತರಲು ಎದ್ದರು. ಸ್ಲೇಟು ಸೋಫಾದ ಮೇಲಿತ್ತು. ಕೈಚಾಚಿದರೆ ಸಿಗುತ್ತಿತ್ತು, ಆದರೆ ಸ್ಲೇಟನ್ನು ಯಾರು ಓದುತ್ತಾರೆ, ಎಲ್ಲರೂ ಪೆಟ್ಟಿಗೆಯ ಕಡೆ ನೋಡುತ್ತಿದ್ದರು.

"ಅವರಿಗೆ ಕೇಳಿಸಿಲ್ಲ" ಎಂದೆ.

ಕೀಲು ತುಕ್ಕು ಹಿಡಿದ ಗೇಟು ಮಾತಾಡಿದ ಹಾಗಿತ್ತು. ನನ್ನದೇ ದನಿ ಎಂದು ನಂಬಲು ನನಗೇ ಒಂದು ಕ್ಷಣ ಹಿಡಿಯಿತು. ಇಂಜಿನ್ನು ಒಂದೇ ಓಡುತ್ತಿತ್ತು. ದಂತವೈದ್ಯರು ಬಗ್ಗಿ ಅದನ್ನು ನಿಲ್ಲಿಸಿದರು.

"ಇನ್ನೊಂದ್ಸಲ ಹೇಳು" ಎಂದೆ ನಾದಿನಿಗೆ. "ಒಂದೊಂದೇ. ನಿಧಾನಕ್ಕೆ. ಆಮೇಲೆ ಅವರು ಉತ್ತರ ಕೊಡೋ ತನಕ ಕಾಯಿ."

ನಾದಿನಿ ಅಣ್ಣನ ಮುಖ ನೋಡಿದಳು, ನನ್ನ ಮುಖ ನೋಡಿದಳು, ಅಪ್ಪನ ಎದುರು ಮೊಣಕಾಲೂರಿ ಕೂತಳು. ಮಹಡಿ. ಲಿಫ್ಟು. ಎಂಟರಿಂದ ಏಳು. ಪುಸ್ತಕ. ಒಂದೊಂದನ್ನೂ ಬಿಡಿಸಿ ಹೇಳಿದಳು. ಹೇಳುತ್ತ ಹೇಳುತ್ತ ಅವಳ ದನಿಯೇ ಇಳಿಯಿತು, ಬಿಡಿಬಿಡಿಯಾಗಿ ಕೇಳಿದಾಗ ಅವಳಿಗೂ ಅದು ಬೇರೆಯಾಗಿ ಕೇಳಿಸಿರಬೇಕು.

ಮಾವ ಬಹಳ ಹೊತ್ತು ಯೋಚಿಸಿದರು. ಯಾರೂ ಅಡ್ಡ ಬರಲಿಲ್ಲ. ನಾನಂತೂ ತುಟಿ ಕಚ್ಚಿಕೊಂಡಿದ್ದೆ.

"ಬರ್ತೀನಮ್ಮ" ಎಂದರು ಕೊನೆಗೆ. "ನಿನ್ನ ಲಿಫ್ಟು ರಿಪೇರಿ ಆಗ್ಲಿ, ಒಂದು ವಾರ ಇದ್ದು ಬರ್ತೀನಿ. ಇರೋದು ಇಲ್ಲೇ. ಇಲ್ಲಿ ನನಗೆ ಕೆಲಸ ಇದೆ." ಆಮೇಲೆ ನನ್ನ ಕಡೆ ತಿರುಗಿ, "ಇರಬಹುದು ತಾನೇ?" ಎಂದರು.

ದಿನಕ್ಕೆ ನಾಲ್ಕೈದು ವಾಕ್ಯವೆಂದಿದ್ದರು, ಅದೂ ನಾಳೆಯಿಂದ. ಅಷ್ಟೂ ಖರ್ಚಾಗಿತ್ತು. ತಲೆಯಾಡಿಸಿದೆ. ಅವರಿಗೆ ತಲೆಯಾಡಿಸುವುದರ ಮೇಲೆ ನಂಬಿಕೆಯಿಲ್ಲವೆಂದು ಕಾಣುತ್ತದೆ, ನೋಡುತ್ತಲೇ ಇದ್ದರು. "ಇರಿ" ಎಂದೆ.

ಈಗ ಕೂತು ಯೋಚಿಸಿದರೆ ತಲೆ ಚಚ್ಚಿಕೊಳ್ಳುವಂತಾಗುತ್ತದೆ. ಮೂರು ವಾರ ಕೂಡಿಟ್ಟ ದನಿ, ಒಂದು ದಿನ ಮುಂಚೆಯೇ ಒಡೆದು, ಆಡಿದ ಮೊದಲ ವಾದವೇ ಎದುರು ಪಕ್ಷದ್ದು. ನನ್ನ ಮೊಕದ್ದಮೆಯನ್ನು ನಾನೇ ಸೋಲಿಸಿಕೊಂಡೆ. ಕಚೇರಿ ಹೋಯಿತು, ಕಕ್ಷಿದಾರರು ಅಡುಗೆಮನೆಯಲ್ಲೇ ಅಳಲಿ. ನಾಳೆ ಗಂಟಲಿನ ಡಾಕ್ಟರಿಗೆ ಏನು ಹೇಳುವುದೋ. ಹೇಳುವ ಹಾಗೂ ಇಲ್ಲ.

ಮಾವನಿಗೆ ಸೋಫಾದ ಕೆಳಗೆ ಈಗ ಒಂದು ಬೆಟ್ಟ, ಬೆಟ್ಟಕ್ಕೊಂದು ಸುರಂಗ ಬೇಕಂತೆ. ರಟ್ಟು, ಗೋಂದು ತರಬೇಕು. ಬೆಟ್ಟಕ್ಕೆ ಬೂದು ಬಣ್ಣ ಎಂದು ನಾನು ಬರೆದೆ. ಕಂದು ಎಂದರು. ಬೂದು ಎಂದು ಮತ್ತೆ ಬರೆದೆ, ಎರಡು ಗೆರೆ ಎಳೆದು. ಇಷ್ಟು ವರ್ಷ ಭೂಗೋಳ ಕಲಿಸಿದ ಮನುಷ್ಯನಿಗೆ ಬೆಟ್ಟದ ಬಣ್ಣ ಗೊತ್ತಿಲ್ಲ.